ಹಾಡು ಹಚ್ಚುವವರೂ ಕುಣಿಯಲಿ

ಜಗ್ಗಲಿಗೆ ಬಾರಿಸುವವರು ಕಾಲು ಊರಿ ನಿಂತಲ್ಲೇ ನಿಂತು ಬಾರಿಸಿದ್ದನ್ನು ನಾನು ನೋಡಿಲ್ಲ. ಹುಬ್ಬಳ್ಳಿಯಲ್ಲಿ ಹೋಳಿ ಹುಣ್ಣಿಮೆಯ ನಂತರ ಐದನೇ ದಿನಕ್ಕೆ ರಂಗಪಂಚಮಿ. ಅಲ್ಲಿಯವರೆಗೂ ಓಣಿ ಓಣಿಯಲ್ಲಿ ಕಾಮಣ್ಣ ಕೂತಿರುತ್ತಾನೆ, ಹಲಗೆಯ ಸದ್ದು ನಿಲ್ಲುವುದೇ ಇಲ್ಲ. ಅದರ ನಡುವೆ ಬ್ಯಾಹಟ್ಟಿ ಕಡೆಯ ಜಗ್ಗಲಿಗೆ ಬಂದರೆ ಉಳಿದ ಸದ್ದೆಲ್ಲ ಹಿಂದೆ ಸರಿಯುತ್ತದೆ. ಚಕ್ಕಡಿ ಗಾಲಿಯಷ್ಟು ದೊಡ್ಡ ವಾದ್ಯ ಅದು. ಗಾಲಿಗೇ ಚರ್ಮ ಬಿಗಿದು ಮಾಡುತ್ತಿದ್ದರು. ಅದನ್ನು ಉರುಳಿಸಿಕೊಂಡು, ಕೋಲಿನಿಂದ ಬಡಿಯುತ್ತಾ ಹೋಗುವವರ ಮೈ ಸುಮ್ನೆ ಇರಲು ಸಾಧ್ಯವೇ ಇಲ್ಲ. ಹಾವೇರಿ ಕಡೆಯ ಡೊಳ್ಳಿನವರೂ ಅಷ್ಟೇ. ಅಷ್ಟು ಭಾರವನ್ನು ಕೊರಳಿಗೆ ಹಾಕಿಕೊಂಡು ಜಿಗಿಯುತ್ತಾರೆ, ಕೂತು ಏಳುತ್ತಾರೆ, ಸುತ್ತುತ್ತಾರೆ. ಬಾರಿಸುವವರು ಬೇರೆ, ಕುಣಿಯುವವರು ಬೇರೆ ಅನ್ನುವ ಗೆರೆಯನ್ನು ನಮ್ಮ ಊರುಗಳು ಎಳೆದಿರಲಿಲ್ಲ.

ಹಾಗಾಗಿ ಡಿಜೆ ಹಚ್ಚುವವರು ಕುಣಿಯಬೇಕೋ ಬೇಡವೋ ಎಂಬ ಮಾತು ಬಂದರೆ ನನ್ನ ಮನಸ್ಸು ಮೊದಲು ಒಂದೇ ಕಡೆ ವಾಲುತ್ತದೆ. ಕುಣಿಯಲಿ. ಖುಷಿಯಾದರೆ ನಗಲಿ. ಅಷ್ಟು ಜನರನ್ನು ಕುಣಿಸುವವರು ತಾವು ಮಾತ್ರ ಮೈ ಬಿಗಿಹಿಡಿದು ನಿಲ್ಲಬೇಕು ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮ ಚಿಕ್ಕಮ್ಮನ ಮಗ ಇದೇ ಕೆಲಸದಲ್ಲಿದ್ದಾನೆ. ಮನೆ ರಾಣೇಬೆನ್ನೂರಿನಲ್ಲಿ, ಕೆಲಸ ಹಾವೇರಿ, ಗದಗ, ಹುಬ್ಬಳ್ಳಿ ಎಲ್ಲ ಕಡೆ. ಗಣಪತಿ ಹಬ್ಬದಲ್ಲಿ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಬಾಕ್ಸ್ ಕಟ್ಟಿಕೊಂಡು ಮೆರವಣಿಗೆ, ಮದುವೆ ಸೀಸನ್ ಬಂತೆಂದರೆ ಅರಿಷಿಣ ಹಚ್ಚುವ ದಿನದಿಂದ ರಿಸೆಪ್ಶನ್‌ವರೆಗೆ ಕೆಲಸ. ಸಂಬಂಧಿಕರ ಒಂದು ಮದುವೆಗೆ ಅವನೇ ಡಿಜೆ ಆಗಿದ್ದ. ಗಂಡಿನ ಕಡೆಯ ಹಿರಿಯರೊಬ್ಬರು ನನ್ನ ಪಕ್ಕದಲ್ಲೇ ಗೊಣಗಿದರು. "ಇಷ್ಟು ರೊಕ್ಕಾ ಕೊಟ್ಟು ಕರಸೇವಿ, ನೋಡ್ರಿ, ಹೆಂಗ ಮಾರಿ ಗಂಟ್ ಹಾಕ್ಕೊಂಡು ನಿಂತಾನ. ಟಿವ್ಯಾಗ ಡಿಜೆಗೋಳು ಹೆಂಗ ಕುಣೀತಾರ, ಇವಗೇನಾಗೇತಿ?" ಅವರ ಜೊತೆಗಿದ್ದವರು ಕೂಡಲೇ ತಿರುಗಿ ಹೇಳಿದರು. "ಕುಣಿಯಾಕ ನಮ್ಮ ಹುಡುಗರು ಅದಾರಲ್ರಿ. ಅಂವ ಹಾಡು ಹಚ್ಚಿದ್ರ ಸಾಕು."

ಊಟ ಮುಗಿದ ಮೇಲೆ ಅವನನ್ನೇ ಕೇಳಿದೆ. "ಯಾಕೋ ತಮ್ಮಾ, ನಿನಗ ಕುಣೀಬೇಕು ಅನ್ಸಂಗಿಲ್ಲೇನು?" ಅವನು ನಕ್ಕ. "ಅಕ್ಕಾ, ಕಾಲು ಕುಣೀತಾನ ಇರ್ತಾವು. ಟೇಬಲ್ ಅಡ್ಡ ಐತಿ, ಅರಿವಿ ಕಟ್ಟ್ಯಾರ, ಮಂದಿಗೆ ಕಾಣಂಗಿಲ್ಲ."

ಮದುವೆ ಹಾಲ್‌ನಲ್ಲಿ ಅಡ್ಡ ಇರುವುದು ಒಂದು ಟೇಬಲ್. ಮೆರವಣಿಗೆಯಲ್ಲಿ ಆಪರೇಟರ್‌ನ ಮುಖವೇ ಕಾಣುವುದಿಲ್ಲ. ಟ್ರಾಲಿಯ ಮುಂದೆ ಬೇಸ್ ಬಾಕ್ಸ್‌ಗಳ ಗೋಡೆ. ಅದರ ಮೇಲೆ ಟಾಪ್, ಅದರ ಮೇಲೆ ಶಾರ್ಪಿ ಲೈಟು. ಹಿಂದೆ ಜನರೇಟರ್. ನಡುವೆ ಉಳಿದ ಸಂದಿಯಲ್ಲಿ ಆಂಪ್ಲಿಫೈಯರ್, ಮಿಕ್ಸರ್, ಲ್ಯಾಪ್‌ಟಾಪ್ ಮತ್ತು ಒಬ್ಬ ಹುಡುಗ. ಜನರೇಟರ್ ಬಿಸಿಯಲ್ಲಿ, ಡೀಸೆಲ್ ವಾಸನೆಯಲ್ಲಿ, ರಾತ್ರಿ ಮುಗಿಯುವವರೆಗೂ ಅವನು ಅಲ್ಲೇ. ಗೋಡೆಯ ಈಚೆ ಹುಬ್ಬಳ್ಳಿಯ ದುರ್ಗದ ಬೈಲಿನ ಅಷ್ಟೂ ಜನ ಗುಲಾಲು ಎರಚಿಕೊಂಡು ಕುಣಿಯುತ್ತಿರುತ್ತಾರೆ. ಆಚೆ ಅವನ ಕಣ್ಣೆದುರು ಬಾಕ್ಸ್‌ಗಳ ಬೆನ್ನು ಮತ್ತು ವೈರುಗಳು. ಡಿಜೆ ಬಂದ ಮೇಲೆ ಸದ್ದು ಜಾಸ್ತಿಯಾಯಿತು ಎಂದು ಎಲ್ಲರೂ ದೂರುತ್ತಾರೆ. ಆ ದೂರು ಸರಿಯೇ. ಆದರೆ ನನಗೆ ಅದಕ್ಕಿಂತ ದೊಡ್ಡ ನಷ್ಟವಾಗಿ ಕಾಣುವುದು ಬೇರೆ. ನಮ್ಮ ಕಡೆ ಬಾರಿಸುವವರ ಮುಖ ಕಾಣುತ್ತಿತ್ತು. ಅವರ ಬೆವರು, ಅವರ ಹುಮ್ಮಸ್ಸು, ಒಬ್ಬರು ಇನ್ನೊಬ್ಬರಿಗೆ ಕಣ್ಣಲ್ಲೇ ಮಾಡುವ ಸನ್ನೆ, ಎಲ್ಲವೂ ಕಾಣುತ್ತಿತ್ತು. ಅದನ್ನು ನೋಡಿಯೇ ನಮ್ಮ ಕಾಲು ಎದ್ದುಬಿಡುತ್ತಿತ್ತು. ಆ ಮುಖವನ್ನು ನಾವು ಬಾಕ್ಸ್‌ಗಳ ಹಿಂದೆ ಕೂರಿಸಿಬಿಟ್ಟಿದ್ದೇವೆ.

ಒಂದು ಬಟನ್ ಒತ್ತುವವರಿಗೆ ಕುಣಿತ ಯಾಕೆ, ಖುಷಿ ಯಾಕೆ ಎಂದು ಕೇಳುವವರೂ ಇದ್ದಾರೆ. ಕೆಲಸವನ್ನು ಹತ್ತಿರದಿಂದ ನೋಡಿದರೆ ಹಾಗೆ ಅನ್ನಲಾರರು. ಪಾರ್ಟಿಗೆ ಹಚ್ಚುವ ಹಾಡು ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 130 ಪೆಟ್ಟಿನ ಓಟದಲ್ಲಿರುತ್ತದೆ. 128 ಎಂದಿಟ್ಟುಕೊಳ್ಳೋಣ. ನಾಲ್ಕು ಪೆಟ್ಟಿಗೆ ಒಂದು ಸುತ್ತು, ಅಂಥ ಎಂಟು ಸುತ್ತಿಗೆ 32 ಪೆಟ್ಟು. ಅಷ್ಟಕ್ಕೆ ಹಿಡಿಯುವುದು ಸರಿಯಾಗಿ 15 ಸೆಕೆಂಡ್. ಹಾಡಿನಲ್ಲಿ ಏನಾದರೂ ಬದಲಾಗುವುದು ಹೆಚ್ಚಾಗಿ ಈ ಗಂಟುಗಳಲ್ಲೇ. ಬೇಸ್ ಬರುವುದು, ದನಿ ನಿಲ್ಲುವುದು, ಡ್ರಮ್ ಒಂದೇ ಉಳಿಯುವುದು. ಮುಂದಿನ ಹಾಡನ್ನು ಒಳಗೆ ತರುವವರು ಹೆಡ್‌ಫೋನನ್ನು ಒಂದು ಕಿವಿಗೆ ಒತ್ತಿ ಅದನ್ನು ಕೇಳಿಸಿಕೊಳ್ಳುತ್ತಿರುತ್ತಾರೆ. ಇನ್ನೊಂದು ಕಿವಿಯಲ್ಲಿ ಈಗ ನಡೆಯುತ್ತಿರುವ ಹಾಡು. ಎರಡರ ಓಟ ಒಂದಾಗಬೇಕು, ಪೆಟ್ಟಿನ ಮೇಲೆ ಪೆಟ್ಟು ಕೂರಬೇಕು. ಆಮೇಲೆ ಸರಿಯಾದ ಗಂಟಿನಲ್ಲಿ ಒಂದರ ಬೇಸ್ ಇಳಿಸಿ ಇನ್ನೊಂದರದ್ದು ಏರಿಸಬೇಕು. ಎರಡೂ ಬೇಸ್ ಒಟ್ಟಿಗೆ ಬಂದರೆ ಬರೀ ಗದ್ದಲ.

ಓಟ ಹೊಂದಿಸುವ ಕೆಲಸವನ್ನು ಈಗ ಸಾಫ್ಟ್‌ವೇರಿನ ಸಿಂಕ್ ಬಟನ್ ಮಾಡಿಕೊಡುತ್ತದೆ, ನಿಜ. ಆದರೆ ಯಾವ ಹಾಡು, ಯಾವಾಗ, ಎಲ್ಲಿಂದ ಎನ್ನುವುದು ಅದಕ್ಕೆ ತಿಳಿಯುವುದಿಲ್ಲ. ನಮ್ಮ ಕಡೆಯ ಮದುವೆಯಲ್ಲಿ ಹೊಸ ರೀಮಿಕ್ಸ್ ಒಂದೇ ಇರುವುದಿಲ್ಲ. ಹಳೆಯ ಸಿನಿಮಾ ಹಾಡು ಬೇಕು, ಜಾನಪದ ಬೇಕು, ಮರಾಠಿ ಬೇಕು, ಹಿಂದಿ ಬೇಕು. ಹಳೆಯ ಹಾಡುಗಳಲ್ಲಿ ಢೋಲಕ್ ಬಾರಿಸಿದವರು ಮನುಷ್ಯರು. ಲಯ ಚೂರು ಮುಂದೆ ಓಡುತ್ತದೆ, ಚೂರು ಹಿಂದೆ ಬೀಳುತ್ತದೆ. ಸಿಂಕ್ ಅಲ್ಲಿ ತಡವರಿಸುತ್ತದೆ. ಕೈ ಬೇಕು, ಕಿವಿ ಬೇಕು.

ಇನ್ನು ಎಣಿಕೆ. ಈ 32 ಪೆಟ್ಟನ್ನು ಬೆರಳು ಮಡಿಚಿ ಯಾರೂ ಎಣಿಸುವುದಿಲ್ಲ. ಮೈ ಎಣಿಸುತ್ತದೆ. ಕಾಲು ತಟ್ಟುತ್ತದೆ, ತಲೆ ಆಡುತ್ತದೆ, ಭುಜ ಏಳುತ್ತದೆ. ಧಾರವಾಡದ ಸಂಗೀತ ಬೈಠಕ್‌ಗಳಲ್ಲಿ ಕೂತವರಿಗೆ ಇದು ಗೊತ್ತಿರುವ ಸಂಗತಿ. ತೀನ್‌ತಾಲ ಎಂಬ ತಾಳದ 16 ಮಾತ್ರೆ ಸುತ್ತಿ ಗಾಯಕರು ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಇಳಿದಾಗ ಸಭೆಯ ತಲೆಗಳೆಲ್ಲ ಒಟ್ಟಿಗೆ ಬಾಗುತ್ತವೆ. ಯಾರೂ ಹೇಳಿಕೊಟ್ಟು ಮಾಡಿಸಿದ್ದಲ್ಲ. ಕಿವಿಯಲ್ಲಿ ಬಿದ್ದದ್ದು ಮೈಯಲ್ಲಿ ತೀರುತ್ತದೆ. ಡಿಜೆ ಹೊಸ ಸುತ್ತಿನ ಮೊದಲ ಪೆಟ್ಟಿಗೆ ತಲೆ ಆಡಿಸುವುದೂ ಹಾಗೆಯೇ. ಅದನ್ನು ಕೆಲಸ ಬಿಟ್ಟು ಮಾಡುವ ಮೋಜು ಎಂದುಕೊಂಡರೆ ತಪ್ಪಾಗುತ್ತದೆ. ನಮ್ಮ ತಮ್ಮ ಟೇಬಲ್ಲಿನ ಕೆಳಗೆ ಕುಣಿಸುತ್ತಿದ್ದ ಕಾಲಿನಿಂದಲೇ ಆ ರಾತ್ರಿಯ ಹಾಡುಗಳು ಒಂದರ ಬೆನ್ನಿಗೊಂದು ಅಷ್ಟು ಸರಾಗವಾಗಿ ಬಂದದ್ದು ಎಂದು ನಾನು ನಂಬುತ್ತೇನೆ.

ಡಿಜೆ ಕಲೆಯ ಒಂದು ದೊಡ್ಡ ಕವಲು ಹುಟ್ಟಿದ್ದೇ ಕುಣಿಯುವವರನ್ನು ನೋಡಿ ನೋಡಿ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದಲ್ಲಿ, 1973ರ ಆಗಸ್ಟ್ 11ರಂದು ಒಬ್ಬ ಹುಡುಗಿ ಪಾರ್ಟಿ ಇಟ್ಟಳು. ಹಾಡು ಹಚ್ಚಿದ್ದು ಅವಳ ಅಣ್ಣ, ಜಮೈಕಾದಲ್ಲಿ ಹುಟ್ಟಿದ ಕ್ಲೈವ್ ಕ್ಯಾಂಪ್‌ಬೆಲ್. ಜಗತ್ತು ಅವರನ್ನು ಡಿಜೆ ಕೂಲ್ ಹರ್ಕ್ ಎಂದು ಕರೆಯುತ್ತದೆ. ಹಿಪ್‌ಹಾಪ್ ಹುಟ್ಟಿದ ದಿನ ಎಂದು ಈಗ ಲೆಕ್ಕ ಹಾಕುವುದು ಅದನ್ನೇ. ಆ ಕಾಲದ ಪಾರ್ಟಿಗಳಲ್ಲಿ ಅವರು ಒಂದು ವಿಷಯ ಗಮನಿಸಿದ್ದರು. ಹಾಡಿನಲ್ಲಿ ದನಿ ನಿಂತು ಡ್ರಮ್ ಒಂದೇ ನುಡಿಯುವ ಜಾಗ ಬರುತ್ತದಲ್ಲ, ಕುಣಿಯುವವರು ಕಾಯುವುದು ಅದಕ್ಕಾಗಿ. ಅದು ಕೆಲವೇ ಸೆಕೆಂಡ್ ಇರುತ್ತಿತ್ತು. ಅದಕ್ಕೆ ಅವರು ಒಂದೇ ಹಾಡಿನ ಎರಡು ಗ್ರಾಮಫೋನ್ ತಟ್ಟೆ ತಂದರು. ಒಂದರಲ್ಲಿ ಆ ಜಾಗ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಶುರು ಮಾಡುವುದು. ಮತ್ತೆ ಮೊದಲನೆಯದಕ್ಕೆ ವಾಪಸ್. ಆ ಉಪಾಯ ಹೊಳೆದದ್ದು ಜನರ ಕಾಲುಗಳನ್ನು ನೋಡಿ.

ನನ್ನ ಮನಸ್ಸಿನಲ್ಲಿರುವ ಒಂದೇ ಒಂದು ಷರತ್ತು ಇಲ್ಲಿಂದ ಬರುತ್ತದೆ. ಡಿಜೆ ಜನರನ್ನು ನೋಡುತ್ತಾ ಕುಣಿಯಲಿ. ಮೂಲೆಯಲ್ಲಿ ಅಜ್ಜಿಯೊಬ್ಬರು ಕೈ ತಟ್ಟಲು ಶುರು ಮಾಡಿದರೆ ಅದು ಕಣ್ಣಿಗೆ ಬೀಳಬೇಕು. ಹೆಣ್ಣುಮಕ್ಕಳ ಗುಂಪು ಹಾಲ್‌ನ ಅಂಚಿಗೆ ಸರಿಯಿತು ಎಂದರೆ ಯಾಕೆ ಎಂದು ತಿಳಿಯಬೇಕು. ನಡುವೆ ಕುಡಿದು ಬಂದ ನಾಲ್ಕು ಮಂದಿ ಜಾಗ ಹಿಡಿದಿರಬಹುದು, ಹಾಡಿನ ಓಟ ಬದಲಿಸಿದರೆ ಅವರು ತಾವಾಗಿ ಹೊರಗೆ ಬರಬಹುದು. ಒಳ್ಳೆಯ ಡಿಜೆಗಳು ಇದನ್ನು ಮಾಡುತ್ತಾರೆ. ನಮ್ಮ ತಮ್ಮನಿಗೂ ಇದು ಚೆನ್ನಾಗಿ ಬರುತ್ತದೆ. ಕಣ್ಣು ಮುಚ್ಚಿ ತನ್ನ ಪಾಡಿಗೆ ತಾನು ಕುಣಿದರೆ ಎದುರಿಗಿರುವವರು ಕೈ ತಪ್ಪಿ ಹೋಗುತ್ತಾರೆ.

ಹಾಗಂತ ಕುಣಿಯದವರಿಗೆ ಖುಷಿಯೇ ಇಲ್ಲ ಎಂದು ಹೇಳುವ ಧೈರ್ಯ ಈ ನೆಲದಲ್ಲಿ ಹುಟ್ಟಿದ ಯಾರಿಗೂ ಬರಬಾರದು. ಕುಂದಗೋಳದ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಬಳಿ ಇಬ್ಬರು ಕಲಿತರು. ಒಬ್ಬರು ಗಂಗೂಬಾಯಿ ಹಾನಗಲ್. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಇನ್ನೊಬ್ಬರು ಗದುಗಿನ ಹುಡುಗ ಭೀಮಸೇನ ಜೋಶಿ, ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟವರು. ಗುರು ಒಬ್ಬರೇ, ಕಿರಾನಾ ಘರಾನೆ ಎಂಬ ಹಾಡಿನ ಪರಂಪರೆಯೂ ಒಂದೇ. ಆದರೆ ಹಾಡುವಾಗಿನ ಮೈ ನೋಡಿ. ಭೀಮಸೇನರ ಕೈ ಗಾಳಿಯಲ್ಲಿ ಸ್ವರವನ್ನು ಹಿಡಿಯಲು ಹೋಗುತ್ತದೆ, ಮುಖ ಹಿಂಡುತ್ತದೆ, ಅರಳುತ್ತದೆ, ಇಡೀ ದೇಹ ತಾನಿನ ಜೊತೆ ತಿರುಗುತ್ತದೆ. ಗಂಗೂಬಾಯಿಯವರು ಕಿವಿಯ ಬಳಿ ಕೈ ಇಟ್ಟು, ಹೆಚ್ಚು ಕದಲದೆ, ಆ ಗಟ್ಟಿ ದನಿಯನ್ನು ನೇರವಾಗಿ ನಮ್ಮ ಎದೆಗೆ ಕಳಿಸುತ್ತಾರೆ. ಇಬ್ಬರಲ್ಲಿ ಯಾರ ಆನಂದ ಹೆಚ್ಚು ಎಂದು ಕೇಳುವ ಪ್ರಶ್ನೆಗೆ ಅರ್ಥವೇ ಇಲ್ಲ, ಅಲ್ವಾ? ಭೀಮಸೇನರಿಗೆ ಸುಮ್ಮನೆ ಕೂತು ಹಾಡಿ ಎಂದಿದ್ದರೆ ಅವರ ಹಾಡು ಅರ್ಧಕ್ಕೆ ಇಳಿಯುತ್ತಿತ್ತು. ಗಂಗೂಬಾಯಿಯವರಿಗೆ ಕೈ ಆಡಿಸಿ ಎಂದಿದ್ದರೆ ಅದು ಅವರಿಗೆ ಮಾಡುವ ಅವಮಾನ ಆಗುತ್ತಿತ್ತು.

ಗದುಗಿನ ವೀರೇಶ್ವರ ಪುಣ್ಯಾಶ್ರಮ ಈ ವಿಷಯದಲ್ಲಿ ನನಗೆ ಇನ್ನೂ ಹೆಚ್ಚು ಕಲಿಸಿದೆ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣು ಕಾಣದ ಎಷ್ಟೋ ಮಕ್ಕಳಿಗೆ ಅಲ್ಲಿ ಸಂಗೀತ ಕಲಿಸಿದರು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಅಲ್ಲಿ ಹಾಡುವ ಮಗುವಿನ ಮುಖ ಒಂದು ಸ್ವರದ ಮೇಲೆ ತಟ್ಟನೆ ಬೆಳಗುವುದನ್ನು ನೋಡಿದ್ದೇನೆ. ಆ ಮಗು ತನ್ನ ಮುಖವನ್ನು ಕನ್ನಡಿಯಲ್ಲಿ ನೋಡಿಲ್ಲ. ವೇದಿಕೆಯ ಮೇಲೆ ಖುಷಿ ಹೇಗೆ ಕಾಣಬೇಕು ಎಂದು ಬೇರೆಯವರನ್ನು ನೋಡಿ ಕಲಿತಿಲ್ಲ. ಹಾಗಿದ್ದೂ ಅದು ಬರುತ್ತದೆ. ತೋರಿಸಲೆಂದು ಬಂದದ್ದಲ್ಲ ಅದು. ಡಿಜೆಯ ಮುಖದಲ್ಲಿ ನಾನು ಹುಡುಕುವುದೂ ಅಂಥದ್ದನ್ನೇ. ಒಂದು ಹಾಡು ಇನ್ನೊಂದರೊಳಗೆ ಸರಿಯಾಗಿ ಕೂತ ಕ್ಷಣದಲ್ಲಿ ತುಟಿಯ ಅಂಚಿನಲ್ಲಿ ಬಂದು ಹೋಗುವ ನಗು ಇದ್ದರೂ ನನಗೆ ಸಾಕು.

ದೊಡ್ಡ ವೇದಿಕೆಗಳ ಖುಷಿಯ ಬಗ್ಗೆ ಮಾತ್ರ ನನಗೆ ಅನುಮಾನ. ಕೆನಡಾದ ಡಿಜೆ ಡೆಡ್‌ಮೌಸ್, ಇಲಿಯ ಮುಖವಾಡ ಹಾಕಿಕೊಂಡು ಬರುವವರು, 2012ರಲ್ಲಿ ಬಹಿರಂಗವಾಗಿಯೇ ಬರೆದರು. ತಾವೂ ಸೇರಿದಂತೆ ದೊಡ್ಡ ಶೋಗಳಲ್ಲಿ ಎಲ್ಲರೂ ಪ್ಲೇ ಒತ್ತುವವರೇ ಎಂದು. ಲೈಟು, ಪರದೆಯ ವಿಡಿಯೊ ಎಲ್ಲವನ್ನೂ ಹಾಡಿನ ಜೊತೆ ಮೊದಲೇ ಹೆಣೆದಿಟ್ಟಿದ್ದರೆ ಅಲ್ಲಿ ಬದಲಾಯಿಸಲು ಏನೂ ಉಳಿಯುವುದಿಲ್ಲ. ಕೈ ಖಾಲಿ. ಖಾಲಿ ಕೈ ಮೇಲೆ ಹೋಗುತ್ತದೆ, ಕೂಗು ಬರುತ್ತದೆ, ಕ್ಯಾಮೆರಾ ಹತ್ತಿರ ಬರುತ್ತದೆ. ಅಲ್ಲಿನ ಕುಣಿತಕ್ಕೂ ಎದುರಿಗಿರುವ ಜನಕ್ಕೂ ಸಂಬಂಧ ಕಡಿಮೆ. ಜನ ಕುಣಿಯದಿದ್ದರೂ ಆ ಕೈ ಅದೇ ಸೆಕೆಂಡಿಗೆ ಏಳುತ್ತದೆ. 2010ರಲ್ಲಿ ಲಂಡನ್ನಿನಲ್ಲಿ ಶುರುವಾದ ಬಾಯ್ಲರ್ ರೂಮ್, ಡಿಜೆಗಳ ಹಾಡನ್ನು ಇಂಟರ್ನೆಟ್‌ನಲ್ಲಿ ನೇರವಾಗಿ ತೋರಿಸುವ ಕಾರ್ಯಕ್ರಮ, ಇನ್ನೊಂದು ರೂಢಿ ತಂದಿತು. ಡಿಜೆಯ ಮುಂದೆ ಕ್ಯಾಮೆರಾ, ಬೆನ್ನ ಹಿಂದೆ ಜನ. ಮನೆಯಲ್ಲಿ ಕೂತು ನೋಡುವವರಿಗೆ ಮುಖ ಚೆನ್ನಾಗಿ ಕಾಣುತ್ತದೆ. ಆದರೆ ಕುಣಿಯುವವರು ಡಿಜೆಗೆ ಕಾಣುವುದಿಲ್ಲ. ನಮ್ಮ ಹುಬ್ಬಳ್ಳಿ ಹುಡುಗರೂ ಈಗ ರೀಲ್ಸ್‌ಗಾಗಿ ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ ಅದರ ಮುಂದೆಯೇ ಕೈ ಎತ್ತುವುದನ್ನು ನೋಡಿದ್ದೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮುಂದಿನ ಆರ್ಡರ್ ಸಿಗುವುದು ಆ ವಿಡಿಯೊದಿಂದಲೇ. ಆದರೂ ಆ ಮೂವತ್ತು ಸೆಕೆಂಡ್ ಅವರು ಹಾಲ್‌ನಲ್ಲಿ ಇರುವುದಿಲ್ಲ, ಅದು ಎದುರಿಗಿರುವವರಿಗೆ ತಿಳಿಯುತ್ತದೆ.

ಈಗ ಆ ಹಿರಿಯರ ಮಾತಿಗೆ ಬರುತ್ತೇನೆ. ರೊಕ್ಕ ಕೊಟ್ಟಿದ್ದೇವೆ, ಕುಣಿಯಲಿ ಅನ್ನುವ ಮಾತು. ಇದನ್ನು ನಾನು ಪೂರ್ತಿ ವಿರೋಧಿಸುತ್ತೇನೆ. ರೊಕ್ಕ ಕೊಟ್ಟದ್ದು ಅವನ ಕೆಲಸಕ್ಕೆ, ಕಿವಿಗೆ, ಸಾಮಾನಿಗೆ. ಅವನ ಖುಷಿ ಬಾಡಿಗೆಗೆ ಬಂದಿಲ್ಲ. ಆ ಹುಡುಗ ಮಧ್ಯಾಹ್ನವೇ ಬಂದು ಬಾಕ್ಸ್ ಇಳಿಸಿದ್ದಾನೆ. ವೋಲ್ಟೇಜ್ ಏರಿಳಿತಕ್ಕೆ ಆಂಪ್ಲಿಫೈಯರ್ ಸುಟ್ಟರೆ ನಷ್ಟ ಅವನದ್ದು. ರಾತ್ರಿ 10 ದಾಟಿದರೆ ತೆರೆದ ಜಾಗದಲ್ಲಿ ಸಾಮಾನ್ಯವಾಗಿ ಧ್ವನಿವರ್ಧಕ ನಿಲ್ಲಿಸಬೇಕು ಎಂಬ ನಿಯಮ 2000ರಿಂದ ಇದೆ. ಗಂಡಿನ ಕಡೆಯವರು ಇನ್ನೊಂದು ಹಾಡು ಅನ್ನುತ್ತಾರೆ, ಹೆಣ್ಣಿನ ಕಡೆಯವರು ಇನ್ನೊಂದು ಅನ್ನುತ್ತಾರೆ, ಪೊಲೀಸರು ಬಂದು ಕೇಳುವುದು ಅವನನ್ನು. ಮೆರವಣಿಗೆಯಲ್ಲಿ ಮಕ್ಕಳು ಟ್ರಾಲಿ ಹತ್ತುತ್ತಾರೆ, ಮೇಲೆ ಕರೆಂಟ್ ತಂತಿ ಇರುತ್ತದೆ. ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡವನ ಹಣೆ ಗಂಟಾಗುವುದು ಸಹಜ. ಅದನ್ನು ಸೊಕ್ಕು ಎಂದು ಓದುವುದು ಅನ್ಯಾಯ.

ಸ್ವೀಡನ್ನಿನ ಡಿಜೆ ಆವಿಚಿಯ ನೆನಪಾಗುತ್ತದೆ. ಲಕ್ಷಾಂತರ ಜನ ಕುಣಿದದ್ದು ಆ ಹುಡುಗನ ಹಾಡಿಗೆ. ಆರೋಗ್ಯ ಹದಗೆಟ್ಟು 2016ರಲ್ಲಿ ವೇದಿಕೆ ಬಿಟ್ಟರು. 2018ರಲ್ಲಿ ತೀರಿಕೊಂಡಾಗ ವಯಸ್ಸು 28. ಆ ವರ್ಷಗಳ ವಿಡಿಯೊಗಳಲ್ಲಿ ಎತ್ತಿದ ಕೈಗಳು, ನಗು, ಬೆಳಕು ಎಲ್ಲ ಇವೆ. ಹೊರಗಿನಿಂದ ನೋಡಿ ಯಾರಾದರೂ ಸುಖವಾಗಿದ್ದಾರೆ ಎಂದು ಹೇಳಿಬಿಡಲು ನನಗೆ ಆಮೇಲೆ ಮನಸ್ಸು ಬಂದಿಲ್ಲ. ನಗದಿದ್ದವರು ಸುಖವಾಗಿಲ್ಲ ಎಂದು ಹೇಳಲೂ ಅಷ್ಟೇ.

ಹೆಣ್ಣುಮಕ್ಕಳು ಡಿಜೆ ಆದಾಗ ಈ ಒತ್ತಡ ಎರಡು ಕಡೆಯಿಂದ ಬರುತ್ತದೆ. ಕುಣಿದರೆ ಮಾತು, ಕುಣಿಯದಿದ್ದರೆ ಇನ್ನೊಂದು ಮಾತು. ಹಾಡಿನ ಜೋಡಣೆ ಹೇಗಿತ್ತು ಎಂದು ಕೇಳುವವರು ಕಡಿಮೆ, ಹೇಗೆ ಕಾಣುತ್ತಿದ್ದಳು ಅನ್ನುವವರೇ ಜಾಸ್ತಿ. ಡಿಜೆ ಕುಣಿಯಲೇಬೇಕು ಎಂಬ ನಿಯಮ ಯಾರ ಮೇಲೆ ಎಷ್ಟು ಭಾರವಾಗಿ ಬೀಳುತ್ತದೆ ಎಂಬುದನ್ನು ಅದನ್ನು ಕೇಳುವವರು ಒಂದು ಕ್ಷಣ ಯೋಚಿಸಬೇಕು.

ಕಿವಿಯ ವಿಷಯವನ್ನೂ ಹೇಳಲೇಬೇಕು, ಯಾಕೆಂದರೆ ಖುಷಿ ಶುರುವಾಗುವುದೇ ಅಲ್ಲಿಂದ. 85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆ ಕೆಲಸ ಮಾಡಬಹುದು ಎಂಬುದು ಕಿವಿಯ ಆರೋಗ್ಯ ನೋಡುವವರು ಬಳಸುವ ಒಂದು ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗ ಆ ಸಮಯ ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಬಂದರೆ ಉಳಿಯುವುದು 15 ನಿಮಿಷ. ಬಾಕ್ಸ್‌ಗಳ ಮಗ್ಗುಲಲ್ಲೇ ರಾತ್ರಿಯಿಡೀ ನಿಲ್ಲುವ ನಮ್ಮ ಆಪರೇಟರ್ ಹುಡುಗರಲ್ಲಿ ಕಿವಿಗೆ ಪ್ಲಗ್ ಹಾಕಿಕೊಂಡವರು ಅಪರೂಪ. ಕಿವಿಯಲ್ಲಿ ಗುಂಯ್ ಅನ್ನುವುದು ನಿಲ್ಲದಿದ್ದರೆ ಮರುದಿನದ ಹಾಡು ಅವರಿಗೆ ಬರೀ ಪೆಟ್ಟು. ಕುಣಿತ ಬೇಕು ಎನ್ನುವವರು ಮೊದಲು ಒಂದು ಜೊತೆ ಇಯರ್‌ಪ್ಲಗ್ ಕೊಡಿಸಲಿ. ಗಂಟೆಗೊಮ್ಮೆ ನೀರು ಕೊಡಲಿ. ಮದುವೆ ಮನೆಯಲ್ಲಿ ಎಲ್ಲರ ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೆ ಅವರನ್ನು ಕರೆಯುವ ಅಭ್ಯಾಸ ಬಿಡಲಿ. ನಡುವೆಯೇ ಕರೆದು, ಎಲೆ ಹಾಕಿ ಬಡಿಸಲಿ.

ಈ ವರ್ಷದ ಗಣಪತಿಗೆ ಮಂಡಳಿಯವರಲ್ಲಿ ನನ್ನದೊಂದು ಕೋರಿಕೆ ಇದೆ. ಟ್ರಾಲಿಯ ಮುಂದಿನ ಗೋಡೆಯಲ್ಲಿ ಎರಡು ಬಾಕ್ಸಿನಷ್ಟು ಜಾಗ ಬಿಟ್ಟು, ಅಲ್ಲಿ ಆಪರೇಟರ್‌ನ ಟೇಬಲ್ ಹಾಕಿ. ನಮ್ಮ ತಮ್ಮನಿಗೆ ಇದನ್ನು ಹೇಳಿದಾಗ ಅವನು ತಲೆ ಅಲ್ಲಾಡಿಸಿದ. "ಆಗಂಗಿಲ್ಲಕ್ಕಾ. ಆಚಿ ಓಣ್ಯಾರದು ಹದಿನಾರು ಬೇಸ್ ಇದ್ರ ಇವ್ರಿಗೂ ಹದಿನಾರ ಬೇಕು. ಒಂದು ಕಡಿಮಿ ಆದ್ರ ನನ್ನ ಬಿಡಂಗಿಲ್ಲ." ಸರಿ, ಕಡಿಮೆ ಮಾಡುವುದು ಬೇಡ. ಮುಂದಿನ ಎರಡು ಬಾಕ್ಸನ್ನು ತೆಗೆದು ಎಡಕ್ಕೊಂದು, ಬಲಕ್ಕೊಂದು ಕಟ್ಟಿ. ಹದಿನಾರು ಹದಿನಾರಾಗಿಯೇ ಇರುತ್ತದೆ, ಅವನಿಗೆ ಮಂದಿ ಕಾಣುತ್ತಾರೆ, ಮಂದಿಗೆ ಅವನು ಕಾಣುತ್ತಾನೆ. ಆಮೇಲೆ ಅವನು ಕುಣಿಯುವುದು ಬಿಡುವುದು ಅವನಿಗೇ ಬಿಟ್ಟದ್ದು.